ಎದೆಯ ಗಾಯ ಮಾಯ್ದ ಮೇಲೆ

ಇಶಾ ನಮಾಝ್ ಮುಗಿಸಿ ನಾವು ಅಣ್ಣನ ಮನೆಗೆ ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಅಂದಿಗೆ ಆರು ವಾರ. ಎದೆಯ ನಡುವಿನ ಹೊಲಿಗೆ ಒಣಗಿತ್ತು. ರಕ್ತನಾಳ ತೆಗೆದಿದ್ದ ಕಾಲಿನ ಬಾವು ಇಳಿದಿತ್ತು. ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ವೈದ್ಯರೇ ಹೇಳಿದ್ದರು. ಆದರೂ ಅಣ್ಣ ಎದ್ದು ಕೂರಲೊಲ್ಲರು, ಊಟ ಬೇಡವೆನ್ನುವರು, ಮೊಮ್ಮಗಳು ಕೈಹಿಡಿದು ಎಳೆದರೂ ತಿರುಗಿ ನೋಡರು. ನಾವು ಹಾಸಿಗೆಯ ಬಳಿ ಕುಳಿತು, ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳಿದ ಅಭ್ಯಾಸದಂತೆ, ಸಹನೆಯ ಮಹತ್ವವನ್ನು ವಿವರಿಸತೊಡಗಿದೆವು. ಪ್ರವಾದಿ ಅಯ್ಯೂಬ್(ಅ)ರ ಪರೀಕ್ಷೆಯನ್ನು ನೆನಪಿಸಿದೆವು. ಜೀವ ಉಳಿಸಿಕೊಟ್ಟ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸದೆ ಹೀಗೆ ಮುಖ ತಿರುಗಿಸಿ ಮಲಗುವುದು ಸತ್ಯವಿಶ್ವಾಸಿಗೆ ತಕ್ಕುದಲ್ಲ ಎಂದೆವು.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಗೋಡೆಯ ಕಡೆಯಿಂದಲೇ, "ಮೌಲಾನಾ ಸಾಹೇಬ್, ಪಾಠ ಮುಗಿಯಿತೇ? ಹೋಗುವಾಗ ದೀಪ ಆರಿಸಿ ಹೋಗು" ಎಂದರು.

ನಮಗಿಂತ ಹನ್ನೊಂದು ವರ್ಷ ಹಿರಿಯರಾದ ಅಣ್ಣ, ತಂದೆಯ ಮರಣಾನಂತರ ನಮ್ಮನ್ನು ಮದ್ರಸಕ್ಕೂ ಆ ಬಳಿಕ ಕಾಲೇಜಿಗೂ ಕಳಿಸಿದವರು. ನಮ್ಮನ್ನು ಹೆಸರು ಹಿಡಿದೇ ಕರೆಯುವವರು. 'ಮೌಲಾನಾ' ಎಂದದ್ದು ಅದೇ ಮೊದಲು. ಆ ರಾತ್ರಿ ನಮಗೆ ಕೋಪ ಬಂದಿತ್ತು, ಈಗ ನಾಚಿಕೆಯಾಗುತ್ತದೆ. ಆ ನಾಚಿಕೆಯನ್ನು ಬಚ್ಚಿಡದೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಯಾರೋ ಒಬ್ಬರು ಹೀಗೆಯೇ ಗೋಡೆಯ ಕಡೆ ಮುಖ ಮಾಡಿ ಮಲಗಿರಬಹುದು. ಅವರ ಬಳಿ ಕುಳಿತು ಯಾರೋ ಒಬ್ಬರು ನಮ್ಮಂತೆಯೇ ಪಾಠ ಹೇಳುತ್ತಿರಬಹುದು.

ಅಣ್ಣ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರು. ಬಣ್ಣಬಣ್ಣದ ಮರದ ಚೂರುಗಳನ್ನು ಸಣ್ಣ ಗರಗಸದಿಂದ ಆನೆ, ಹೂಬಳ್ಳಿ, ಅಂಬಾರಿಗಳ ಆಕಾರಕ್ಕೆ ಕೊಯ್ದು, ಬೀಟೆಯ ಹಲಗೆಯಲ್ಲಿ ಕೊರೆದ ಕುಳಿಗಳಲ್ಲಿ ಕೂರಿಸುವ ಕೆಲಸವದು. ಮೈಸೂರಿನ ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೆ ಕಲೆಗೆ ಮಾನ್ಯತೆ ಬಂದಿತೆಂದು ಕೆಲಸಗಾರನಿಗೆ ರಜೆಯ ಸಂಬಳ ಬರುವುದಿಲ್ಲ. ಎಷ್ಟು ಹಲಗೆ ಮುಗಿಸಿದರೆ ಅಷ್ಟು ಕೂಲಿ. ನೆಲದ ಮೇಲೆ ಕುಳಿತು, ತೋಳಿನ ಬಲದಿಂದ ಗರಗಸ ಎಳೆಯಬೇಕು.

ನಮ್ಮ ಬಾಲ್ಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಎಂದರೆ ಬೆಂಗಳೂರಿನ ರೈಲು ಹತ್ತಬೇಕಿತ್ತು. ಇಂದು ಮೈಸೂರಿನಲ್ಲೇ ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಬೇರೆ ಆಸ್ಪತ್ರೆಗಳೂ ಇವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಇದು ಅಲ್ಲಾಹನ ದೊಡ್ಡ ಅನುಗ್ರಹ. ಅಣ್ಣನ ಶಸ್ತ್ರಚಿಕಿತ್ಸೆಯ ವೆಚ್ಚವೂ ಯೋಜನೆಯಲ್ಲೇ ಹೋಯಿತು. ಆದರೆ ಮನೆಯ ಬಾಡಿಗೆ, ಹಾಲಿನವನ ಲೆಕ್ಕ, ಕಿರಿಯ ಮಗಳ ನಿಕಾಹ್‌ಗೆಂದು ಮೊದಲೇ ತಂದಿದ್ದ ಸಾಲ, ಆಸ್ಪತ್ರೆಗೆ ಓಡಾಡಿದ ಆಟೋ ಬಾಡಿಗೆ ಇವು ಯಾವ ಯೋಜನೆಯಲ್ಲಿಯೂ ಹೋಗಲಿಲ್ಲ.

ಎದೆಮೂಳೆಯನ್ನು ನಡುವೆ ಸೀಳಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಗಳಿಂದ ಬಿಗಿದು ಕೂಡಿಸುತ್ತಾರೆ. ಆ ಮೂಳೆ ಚೆನ್ನಾಗಿ ಬೆಸೆದುಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಕೈಯೂರಿ ಏಳುವಂತಿಲ್ಲ, ಸ್ಕೂಟರ್ ಓಡಿಸುವಂತಿಲ್ಲ, ಗರಗಸ ಎಳೆಯುವಂತಿಲ್ಲ. ವೈದ್ಯರು ಇದನ್ನೆಲ್ಲ ವಿವರಿಸಿ ಹೇಳಿದ್ದರು. ನಾವು ಅದನ್ನು ಮೂಳೆಯ ವಿಷಯವೆಂದಷ್ಟೇ ತಿಳಿದೆವು. ಮೂವತ್ತೈದು ವರ್ಷ ದುಡಿದ ಕೈ ಮೂರು ತಿಂಗಳು ಸುಮ್ಮನಿದ್ದರೆ ಆ ಕೈಯ ಒಡೆಯನ ಮನಸ್ಸಿಗೆ ಏನಾದೀತೆಂದು ಯೋಚಿಸಲಿಲ್ಲ.

ಮೊದಲ ಸೂಚನೆ ಆಸ್ಪತ್ರೆಯಲ್ಲೇ ಸಿಕ್ಕಿತ್ತು. ಶಸ್ತ್ರಚಿಕಿತ್ಸೆಯ ಮೂರನೆಯ ರಾತ್ರಿ ಅಣ್ಣ ತೀವ್ರ ನಿಗಾ ಘಟಕದಲ್ಲಿ ತೀರಿಹೋದ ಅಮ್ಮಿಯೊಂದಿಗೆ ಮಾತನಾಡಿದರು, ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆಯೆಂದರು, ನಮ್ಮ ಗುರುತು ಹಿಡಿಯಲಿಲ್ಲ. ಬಂಧುಗಳಲ್ಲಿ ಒಬ್ಬರು ಜಿನ್ನ್‌ನ ಮಾತೆತ್ತಿದರು; ಊದಿಸಿಕೊಂಡು ಬರಲು ತಾಯಿತ ಕಟ್ಟುವವರ ವಿಳಾಸವನ್ನೂ ಕೊಟ್ಟರು. ಅಂದು ಕರ್ತವ್ಯದಲ್ಲಿದ್ದ ದಾದಿ ನಮ್ಮನ್ನು ಕರೆದು, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಹೀಗೆ ಬುದ್ಧಿ ಮಸುಕಾಗುವುದುಂಟು, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಹೆಸರು ಹಿಡಿದು ಮಾತನಾಡಿಸಿ, ಇಂದು ಯಾವ ವಾರ ಎಂದು ಹೇಳಿ, ಕನ್ನಡಕ ಕೊಡಿ ಎಂದರು. ಹಾಗೆಯೇ ಮಾಡಿದೆವು. ಎರಡು ದಿನದಲ್ಲಿ ಅಣ್ಣ ಮೊದಲಿನಂತಾದರು. ಶರೀರಕ್ಕೆ ಆದ ಪೆಟ್ಟು ಬುದ್ಧಿಯನ್ನೂ ತಟ್ಟಬಲ್ಲದೆಂದು ಆ ದಾದಿ ಕಲಿಸಿದ ಪಾಠವನ್ನು ನಾವು ಮನೆಗೆ ಬರುವ ಹೊತ್ತಿಗೆ ಮರೆತಿದ್ದೆವು.

ಮನೆಗೆ ಬಂದ ಮೊದಲ ವಾರ ಹಬ್ಬದಂತಿತ್ತು. ಬೆಳಗಿನಿಂದ ರಾತ್ರಿಯವರೆಗೆ ಜನ. ರೋಗಿಯನ್ನು ಭೇಟಿ ಮಾಡುವುದು ಪುಣ್ಯದ ಕಾರ್ಯವೆಂದು ನಾವೇ ಅದೆಷ್ಟು ಸಲ ಬೋಧಿಸಿದ್ದೇವೆ! ಆದರೆ ಬಂದವರು ಹಗುರವಾಗಿ ಕುಳಿತು, ದುಆ ಮಾಡಿ ಎದ್ದು ಹೋಗಬೇಕೆಂಬ ಶಿಷ್ಟಾಚಾರವನ್ನು ಅಷ್ಟೇ ಒತ್ತಿ ಹೇಳಿರಲಿಲ್ಲ. ಗಂಟೆಗಟ್ಟಲೆ ಕುಳಿತರು. ತಮ್ಮ ಷಡ್ಡಕನಿಗೆ ಇದೇ ಶಸ್ತ್ರಚಿಕಿತ್ಸೆಯಾಗಿ ಆತ ಆರೇ ತಿಂಗಳಲ್ಲಿ ತೀರಿಹೋದ ಕಥೆಯನ್ನು ಒಬ್ಬರು ಸವಿಸ್ತಾರವಾಗಿ ಹೇಳಿ ಚಹಾ ಕುಡಿದು ಹೋದರು. ಎರಡನೆಯ ವಾರದ ಹೊತ್ತಿಗೆ ಜನ ವಿರಳವಾದರು. ಮೂರನೆಯ ವಾರ ಯಾರೂ ಇಲ್ಲ. ಅಣ್ಣನಿಗೆ ಜನ ಬೇಕಾಗಿದ್ದುದು ಆಗ.

ಭಾಬಿ ಹಿಂದೆ ಬಿಟ್ಟಿದ್ದ ಊದುಬತ್ತಿ ಹೊಸೆಯುವ ಕೆಲಸವನ್ನು ಮತ್ತೆ ಹಿಡಿದರು. ಸಾವಿರಕ್ಕೆ ಇಷ್ಟು ಎಂಬ ಕೂಲಿ. ನಡುಮನೆಯಲ್ಲಿ ಮಣೆಯ ಮುಂದೆ ಕುಳಿತು ಕಡ್ಡಿ ಹೊಸೆಯುವ ಪತ್ನಿಯ ಕಪ್ಪು ಕೈಗಳನ್ನು ಅಣ್ಣ ಮಂಚದಿಂದ ನೋಡುತ್ತಿದ್ದರು. ಮಗಳ ನಿಕಾಹ್ ಮುಂದಕ್ಕೆ ಹೋಯಿತು. ಸಾಲ ಕೊಟ್ಟವರು ಆರೋಗ್ಯ ವಿಚಾರಿಸಲು ಬಂದರು, ಸಾಲದ ಮಾತೆತ್ತಲಿಲ್ಲ, ಆದರೆ ಅವರು ಬಂದದ್ದೇ ಸಾಕಾಯಿತು. ಒಮ್ಮೆ ಅಣ್ಣ ನಮ್ಮೊಡನೆ, "ನಾನು ಬದುಕಿ ಬಂದದ್ದರಿಂದ ಮನೆಗೆ ಖರ್ಚೇ ಹೆಚ್ಚಾಯಿತು. ಆ ಮೇಜಿನ ಮೇಲೇ ಹೋಗಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು" ಎಂದರು. ನಾವು ಬೆಚ್ಚಿಬಿದ್ದು, "ತೌಬಾ ಮಾಡಿ ಭಾಯಿ, ಮರಣವನ್ನು ಬಯಸುವುದು ನಿಷಿದ್ಧ" ಎಂದು ಬಾಯಿ ಮುಚ್ಚಿಸಿದೆವು. ಹೇಳಿದ ಮಾತು ಸುಳ್ಳಲ್ಲ. ಆದರೆ ಆ ಬಳಿಕ ಅಣ್ಣ ಆ ವಿಷಯವನ್ನು ನಮ್ಮ ಮುಂದೆ ಎತ್ತಲೇ ಇಲ್ಲ. ಅವರ ಸಂಕಟ ಕರಗಿತೆಂದು ನಾವು ಭಾವಿಸಿದೆವು. ಅದು ಒಳಗೆ ಇಳಿದಿತ್ತು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ತಪಾಸಣೆಗೆ ಹೋದಾಗ ಅಣ್ಣನ ಪರವಾಗಿ ಮಾತನಾಡಿದವರು ನಾವು. ಅವರಿಗೆ ವ್ಯವಹಾರದ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಒಳಗಿನ ಮಾತು ಬರುವುದು ಮನೆಯ ದಖ್ಖನಿಯಲ್ಲೇ. "ದಿಲ್ ಘಬ್ರಾರಾ" ಎಂದರು. ಕನ್ನಡದಲ್ಲಿ ಪದವಿ ಪಡೆದ ನಾವು ಅದನ್ನು ವೈದ್ಯರಿಗೆ "ಎದೆ ಡವಗುಟ್ಟುತ್ತದಂತೆ" ಎಂದು ಭಾಷಾಂತರಿಸಿದೆವು. ಎದೆ ಡವಗುಟ್ಟುತ್ತದೆಯೆಂದರೆ ವೈದ್ಯರು ಏನು ಮಾಡಬೇಕೋ ಅದನ್ನೇ ಮಾಡಿದರು. ಇಸಿಜಿ ತೆಗೆದರು, ಎಕೋ ಮಾಡಿಸಿದರು, ಹೃದಯ ಚೆನ್ನಾಗಿದೆ, ಚಿಂತೆ ಬೇಡ ಎಂದರು. ನಾವು ಅಲ್‌ಹಮ್ದುಲಿಲ್ಲಾಹ್ ಎಂದೆವು. ಅಣ್ಣ ಮಾತ್ರ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಅವರು ಹೇಳಿದ 'ದಿಲ್' ಎಕೋದಲ್ಲಿ ಕಾಣುವಂಥದ್ದಾಗಿರಲಿಲ್ಲ. ಮದ್ರಸದಲ್ಲಿ 'ಕಲ್ಬ್' ಎಂಬ ಪದದ ಅರ್ಥವ್ಯಾಪ್ತಿಯನ್ನು ದಿನಗಟ್ಟಲೆ ಓದಿದ್ದ ನಾವು, ಒಡಹುಟ್ಟಿದವನ ಬಾಯಿಯಿಂದ ಅದೇ ಅರ್ಥದ ಮಾತು ಬಂದಾಗ ಗುರುತಿಸದೆ ಹೋದೆವು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಆ ರಾತ್ರಿ ಕಳೆದು ನಾಲ್ಕನೆಯ ದಿನ ಭಾಬಿ ದೂರವಾಣಿಯಲ್ಲಿ ಅಳುತ್ತಾ ನಮ್ಮನ್ನು ಕರೆದರು. ಹಾಸಿಗೆ ಕೊಡವುವಾಗ ದಿಂಬಿನ ಚೀಲದೊಳಗೆ ಮಾತ್ರೆಗಳು ಸಿಕ್ಕಿದ್ದವು. ಲೆಕ್ಕ ಹಾಕಿದಾಗ ಹನ್ನೊಂದು ದಿನದ ಮಾತ್ರೆಗಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವುದು, ಕೊಬ್ಬಿನದು, ಹೃದಯದ ಬಡಿತವನ್ನು ಹದದಲ್ಲಿಡುವುದು, ಎಲ್ಲವೂ. ಭಾಬಿ ನೀರು ಕೊಟ್ಟು ಅತ್ತ ತಿರುಗುತ್ತಲೇ ಅಣ್ಣ ಅವನ್ನು ದಿಂಬಿಗೆ ಸೇರಿಸುತ್ತಿದ್ದರು. ಹೊಸದಾಗಿ ಕಸಿ ಮಾಡಿದ ರಕ್ತನಾಳ ಮುಚ್ಚಿಹೋಗದಂತೆ ಕಾಯುವ ಮಾತ್ರೆಗಳವು. ಆ ಸಲ ನಾವು ಪಾಠ ಹೇಳಲಿಲ್ಲ. ಹೇಳಲು ಏನೂ ತೋಚಲಿಲ್ಲ. ಅಣ್ಣನ ಕಾಲ ಬಳಿ ಕುಳಿತೆವು. ಬಹಳ ಹೊತ್ತಿನ ಮೇಲೆ ಅವರೇ ಮಾತನಾಡಿದರು. ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು.

ಈ ಸಲ ಮಾತ್ರೆಯ ಸಂಗತಿಯನ್ನೂ ಸಾವಿನ ಮಾತನ್ನೂ ಮುಚ್ಚಿಡದೆ ಹೇಳಿದೆವು. ವೈದ್ಯರು ಅಣ್ಣನನ್ನು ಗದರಿಸಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲವೆನಿಸಿತೇ, ಮನಸ್ಸು ಕುಗ್ಗಿ ಇನ್ನೇನೂ ಒಳಿತಿಲ್ಲವೆನಿಸಿತೇ ಎಂದು ಎರಡೇ ಪ್ರಶ್ನೆ ಕೇಳಿದರು. ಎರಡಕ್ಕೂ ಅಣ್ಣ ತಲೆಯಾಡಿಸಿದರು. ಮೂರನೆಯ ಪ್ರಶ್ನೆಯಾಗಿ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ನಮಗೆ ಭಯವಾಯಿತು. ಅಣ್ಣನಿಗೆ ಮಾತ್ರ ಯಾರೋ ಕೊನೆಗೂ ಕೇಳಿದರಲ್ಲ ಎಂಬ ನಿರಾಳ. ಅದೇ ದಿನ ನಮ್ಮನ್ನು ಮನೋರೋಗ ವಿಭಾಗಕ್ಕೆ ಕಳಿಸಿದರು.

ಅಲ್ಲಿನ ಡಾಕ್ಟರಮ್ಮ ತಿಳಿಸಿಕೊಟ್ಟ ಸಂಗತಿಗಳನ್ನು ಓದುಗರಿಗೂ ತಿಳಿಸುವುದು ನಮ್ಮ ಕರ್ತವ್ಯ. ಬೈಪಾಸ್ ಆದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಗೆ ಒಳಗಾಗುತ್ತಾರೆ. ಮೊದಲ ಕೆಲವು ವಾರ ಕಣ್ಣೀರು, ನಿದ್ರೆಗೇಡು, ಸಿಡುಕು ಹಲವರಿಗೆ ಬಂದು ತಾನಾಗಿ ಹೋಗುತ್ತದೆ. ಎರಡು ವಾರ ಬಿಡದೆ ಕಾಡಿದರೆ ವೈದ್ಯರಿಗೆ ತೋರಿಸಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಬೈಪಾಸ್ ಮಾಡಿಸಿಕೊಂಡ 800ಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ತೀವ್ರವಾಗಿದ್ದವರಲ್ಲಿ ಮರಣದ ಅಪಾಯ ಇತರರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಹೃದ್ರೋಗಿಗಳೆಲ್ಲರಲ್ಲಿ ಖಿನ್ನತೆ ಇದೆಯೇ ಎಂದು ವಿಚಾರಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲಿ ಸಲಹೆ ನೀಡಿತು. ಮನಸ್ಸು ಕುಗ್ಗಿದವನು ಮಾತ್ರೆ ನುಂಗುವುದಿಲ್ಲ, ನಡೆಯುವುದಿಲ್ಲ, ಉಣ್ಣುವುದಿಲ್ಲ, ಬಿಟ್ಟ ಬೀಡಿಯನ್ನು ಮತ್ತೆ ಹಿಡಿಯುತ್ತಾನೆ. ಆದ್ದರಿಂದ ಖಿನ್ನತೆಯ ಚಿಕಿತ್ಸೆಯೂ ಹೃದಯದ ಚಿಕಿತ್ಸೆಯ ಒಂದು ಭಾಗ. ಹೃದ್ರೋಗಿಗಳಿಗೆ ಹೊಂದುವ ಮಾತ್ರೆಗಳಿವೆ. ಅವುಗಳ ಗುಣ ಕಾಣಲು ಕೆಲವು ವಾರ ಬೇಕು. ಅಷ್ಟರಲ್ಲಿ ಬೇಸತ್ತು ಬಿಡಬಾರದು.

ಆ ರಾತ್ರಿ ನಾವು ಹಳೆಯ ಗ್ರಂಥಗಳ ಕಪಾಟಿನ ಮುಂದೆ ನಿಂತೆವು. ಇದೇನು ನಮ್ಮ ಪರಂಪರೆಗೆ ಹೊಸ ಮಾತೇ? ಹತ್ತನೆಯ ಶತಮಾನದ ಆರಂಭದಲ್ಲಿ ಬಾಳಿದ ಅಬೂ ಝೈದ್ ಅಲ್-ಬಲ್ಖೀ ಶರೀರ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದರು. ವೈದ್ಯರು ಮನಸ್ಸಿನ ಕಾಯಿಲೆಗಳನ್ನು ಕಡೆಗಣಿಸುತ್ತಾರೆಂದು ಆಕ್ಷೇಪಿಸಿದರು. ದುಃಖದಲ್ಲಿ ಕಾರಣ ತಿಳಿದಿರುವುದು ಒಂದು, ಶರೀರದೊಳಗಿನ ಕೇಡಿನಿಂದ ಕಾರಣ ತೋರದೆ ಬರುವುದು ಇನ್ನೊಂದು ಎಂದು ಬೇರ್ಪಡಿಸಿದರು. ಅಣ್ಣನಲ್ಲಿ ಎರಡೂ ಬೆರೆತಿದ್ದವು. ಎರಡನ್ನೂ ಬಿಟ್ಟು ನಾವು ವಿಶ್ವಾಸದ ಕೊರತೆಯೆಂಬ ಮೂರನೆಯ ಕಾರಣವನ್ನು ಹುಡುಕಿಕೊಂಡಿದ್ದೆವು.

ದುಃಖ ವಿಶ್ವಾಸದ ಕೊರತೆಯಾಗಿದ್ದರೆ, ಮಗನ ಅಗಲಿಕೆಯಿಂದ ಅತ್ತು ಅತ್ತು ಕಣ್ಣು ಬೆಳ್ಳಗಾದ ಪ್ರವಾದಿ ಯಾಕೂಬ್(ಅ)ರ ವೃತ್ತಾಂತವನ್ನು ಪವಿತ್ರ ಕುರ್‌ಆನ್ ನಮಗೆ ಏಕೆ ಹೇಳಿತು? ಖದೀಜಾ(ರ) ಹಾಗೂ ಅಬೂತಾಲಿಬ್ ತೀರಿಕೊಂಡ ವರ್ಷ ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಏಕೆ ಹೆಸರಾಯಿತು? ಚಿಂತೆ ಮತ್ತು ವ್ಯಥೆಯಿಂದ ರಕ್ಷಣೆ ಬೇಡುವುದನ್ನು ಪ್ರವಾದಿ(ಸ) ಕಲಿಸಿದ್ದಾರೆ. ಅದೇ ಪ್ರಾರ್ಥನೆಯಲ್ಲಿ ಸಾಲದ ಹೊರೆಯಿಂದಲೂ ರಕ್ಷಣೆ ಬೇಡಲಾಗಿದೆ. ಈ ದುಆವನ್ನು ಮಕ್ಕಳಿಗೆ ಕಂಠಪಾಠ ಮಾಡಿಸುತ್ತಲೇ ಬಂದ ನಮಗೆ, ವ್ಯಥೆಯನ್ನೂ ಸಾಲವನ್ನೂ ಒಟ್ಟಿಗೆ ಹೇಳಿರುವುದರ ಅರ್ಥ ತಿಳಿದದ್ದು ಅಣ್ಣನ ಮನೆಯಲ್ಲಿ.

ಕೈರೋ ನಗರದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆ ವಕ್ಫ್‌ನ ಆದಾಯದಿಂದ ನಡೆಯುತ್ತಿತ್ತು. ಅಲ್ಲಿ ಮನೋರೋಗಿಗಳಿಗೂ ಪ್ರತ್ಯೇಕ ವಿಭಾಗವಿತ್ತು. ಗುಣಮುಖನಾಗಿ ಹೊರಡುವ ಬಡ ರೋಗಿಗೆ ಬಟ್ಟೆಯನ್ನೂ, ದುಡಿಮೆಗೆ ಮರಳುವವರೆಗಿನ ಆಸರೆಗೆಂದು ಹಣವನ್ನೂ ಕೊಡುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಕಾಯಿಲೆ ಮುಗಿಯುವುದಿಲ್ಲವೆಂದು ಆ ಹಿರಿಯರು ಅರಿತಿದ್ದರು.

ಈ ವಿಚಾರವನ್ನು ಮೊಹಲ್ಲಾದ ಮಸೀದಿಯಲ್ಲಿ ಅಣ್ಣನ ಹೆಸರೆತ್ತದೆ ನಾಲ್ಕಾರು ಹಿರಿಯರ ಮುಂದಿಟ್ಟೆವು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಸೇರಿದ್ದಾರೆ. ನಾವು ರಮಝಾನ್‌ನಲ್ಲಿ ಅಕ್ಕಿ ಬಟ್ಟೆ ಹಂಚುವಾಗ ಆ ವರ್ಗವನ್ನು ಮರೆತೇಬಿಡುತ್ತೇವೆ. ಹಿರಿಯರು ಒಪ್ಪಿದರು. ಸಾಲದ ಒಂದು ಭಾಗ ಝಕಾತ್‌ನ ಹಣದಿಂದ ತೀರಿತು. ಉಳಿದದ್ದಕ್ಕೆ ಸಾಲ ಕೊಟ್ಟವರೇ ಒಂದು ವರ್ಷದ ಅವಧಿ ಕೊಟ್ಟರು. ಕಾರ್ಖಾನೆಯ ಯಜಮಾನರು, ಗರಗಸ ಹಿಡಿಯುವಂತಿಲ್ಲದಿದ್ದರೆ ಬೇಡ, ಹುಡುಗರ ಕೆಲಸ ನೋಡಿ ತಿದ್ದಲಿ, ಬೆಳಗಿನ ಎರಡು ಗಂಟೆ ಬಂದು ಕೂರಲಿ ಎಂದರು. ನೆರೆಮನೆಯ ನಿವೃತ್ತ ಮೇಷ್ಟ್ರು, ಅವರು ಹಿಂದೂ ಬಂಧು, ಪ್ರತಿದಿನ ಸಂಜೆ ಬಾಗಿಲಲ್ಲಿ ನಿಂತು "ಬನ್ನಿ ಭಾಯಿ, ವಾಕಿಂಗ್" ಎಂದು ಕೂಗತೊಡಗಿದರು. ಮೊದಲ ದಿನ ಬೀದಿಯ ತುದಿಯವರೆಗೆ ಐದು ನಿಮಿಷ. ಆಮೇಲೆ ಹತ್ತು. ಅವರು ಉಪದೇಶ ಮಾಡಲಿಲ್ಲ, ಕ್ರಿಕೆಟ್ ಮಾತನಾಡಿದರು.

ಶರೀಅತ್‌ನ ವಿದ್ಯಾರ್ಥಿಯಾಗಿ ನಮ್ಮಿಂದಾದ ಒಂದೇ ಉಪಕಾರ ನಮಾಝ್‌ನ ವಿಷಯದ್ದು. ಕೈಯೂರಿ ಸುಜೂದ್ ಮಾಡಲಾಗದೆ ಅಣ್ಣ ಒಳಗೊಳಗೇ ನೊಂದಿದ್ದರು. ತನ್ನ ನಮಾಝ್ ನಮಾಝೇ ಅಲ್ಲವೆಂದು ಮಸೀದಿಗೆ ಬರುವುದನ್ನೇ ಬಿಟ್ಟಿದ್ದರು. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಲಿ ಎಂದು ಪ್ರವಾದಿ(ಸ) ರೋಗಿಯಾಗಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ತಿಳಿಸಿದ್ದರು. ಕುರ್ಚಿಯ ಮೇಲೆ ಕುಳಿತು ತಲೆಬಾಗಿದರೂ ಅದು ಪೂರ್ಣ ನಮಾಝ್ ಎಂದು ವಿವರಿಸಿದಾಗ ಅಣ್ಣ ಮಗುವಿನಂತೆ ಅತ್ತರು. ಮುಂದಿನ ಜುಮಾಕ್ಕೆ ಮಸೀದಿಯ ಹಿಂದಿನ ಸಾಲಿನಲ್ಲಿ ಅವರಿಗಾಗಿ ಒಂದು ಕುರ್ಚಿ ಹಾಕಿಸಿದೆವು.

ಈಗ ಒಂದು ವರ್ಷವಾಗುತ್ತ ಬಂತು. ಅಣ್ಣ ಅರ್ಧ ದಿನ ಕೆಲಸ ಮಾಡುತ್ತಾರೆ. ಎರಡೂ ಬಗೆಯ ಮಾತ್ರೆಗಳನ್ನು ತಪ್ಪದೆ ನುಂಗುತ್ತಾರೆ. ಕೆಲವು ದಿನ ಮತ್ತೆ ಮೌನ ಕವಿಯುತ್ತದೆ. ಅಂಥ ದಿನ ನಾವು ಹೋಗಿ ಸುಮ್ಮನೆ ಬಳಿ ಕೂರುತ್ತೇವೆ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಮಗಳ ನಿಕಾಹ್ ಶವ್ವಾಲ್ ತಿಂಗಳಲ್ಲಿ, ಮಸೀದಿಯಲ್ಲೇ, ಸರಳವಾಗಿ ನಡೆಯಿತು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು ಬಂದವರಿದ್ದರೆ ಗಾಯವನ್ನು ನೋಡುವಂತೆಯೇ ಮನಸ್ಸನ್ನೂ ವಿಚಾರಿಸಿರಿ. ಮಾತ್ರೆ ಬಾಯಿಗೆ ಹೋಯಿತೇ ಎಂದು ನೋಡಿರಿ. ಅವರು ದಖ್ಖನಿಯಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಹೇಗೆ ಹೇಳಿದರೋ ಹಾಗೆಯೇ ವೈದ್ಯರಿಗೆ ತಿಳಿಸಿರಿ. ಸಾವಿನ ಮಾತು ಬಂದರೆ ಬಾಯಿ ಮುಚ್ಚಿಸಬೇಡಿ. ಕೇಳಿಸಿಕೊಳ್ಳಿರಿ, ಒಬ್ಬರನ್ನೇ ಬಿಡಬೇಡಿ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಲಿ ಮಾತನಾಡಬಹುದು. ರೋಗಿಯನ್ನು ನೋಡಲು ಹೋಗುವವರು ಮೊದಲ ವಾರ ಐದು ನಿಮಿಷ ಕುಳಿತು ಬನ್ನಿರಿ. ಐದನೆಯ ವಾರವೂ ನೆನಪಿಟ್ಟು ಹೋಗಿರಿ. ದುಆ ಮಾಡಿರಿ, ದುಆ ಮಾಡುತ್ತಲೇ ಮನೆಯ ಬಾಡಿಗೆ ಏನಾಯಿತೆಂದು ಮೆಲ್ಲನೆ ವಿಚಾರಿಸಿರಿ.

ರೋಗವನ್ನು ಇಳಿಸಿದ ಅಲ್ಲಾಹನು ಅದಕ್ಕೆ ಔಷಧವನ್ನೂ ಇಳಿಸಿದ್ದಾನೆಂಬುದು ನಮ್ಮ ವಿಶ್ವಾಸ. ಆ ಔಷಧದ ಒಂದು ಪಾಲನ್ನು ಅವನು ವೈದ್ಯರ ಕೈಯಲ್ಲೂ ಇನ್ನೊಂದು ಪಾಲನ್ನು ನೆರೆಹೊರೆಯವರ ಕೈಯಲ್ಲೂ ಇಟ್ಟಿದ್ದಾನೆ. ನಮ್ಮ ಪಾಲನ್ನು ಬಚ್ಚಿಡದಂತೆ ಅವನು ನಮ್ಮೆಲ್ಲರಿಗೂ ಸದ್ಬುದ್ಧಿ ನೀಡಲಿ. ಹಾಸಿಗೆ ಹಿಡಿದವರಿಗೆಲ್ಲ ಶರೀರದ, ಮನಸ್ಸಿನ ಪೂರ್ಣ ಆರೋಗ್ಯವನ್ನು ಕರುಣಿಸಲಿ. ಆಮೀನ್.